ಫೋಮ್ ಬೋರ್ಡಿನ ಮೇಲೆ ಪುಟ್ಟ ರೈಲು: ತಳ ಕಟ್ಟುವ ಬಗೆ

ಪ್ಲೈವುಡ್ ಹಲಗೆಯ ಮೇಲೆ ಕಟ್ಟಿದ ಮಾದರಿ ರೈಲಿನ ಲೇಔಟ್ ಒಂದನ್ನು ನೆನಪಿಸಿಕೊಳ್ಳಿ. ಅದರಲ್ಲಿ ಬೆಟ್ಟ ಇರುತ್ತದೆ, ಸುರಂಗ ಇರುತ್ತದೆ, ಸ್ಟೇಷನ್ ಇರುತ್ತದೆ. ಹಳ್ಳ ಮಾತ್ರ ಇರುವುದಿಲ್ಲ. ನದಿ ಅಂತ ಇದ್ದರೂ ಹಲಗೆಗೆ ನೀಲಿ ಬಣ್ಣ ಬಳಿದಿರುತ್ತಾರೆ, ಅದು ಹಳಿಯ ಮಟ್ಟದಲ್ಲೇ ಹರಿಯುತ್ತಿರುತ್ತದೆ. ನಿಜವಾದ ರೈಲು ದಾರಿ ಹಾಗಿರುವುದಿಲ್ಲ, ಅಲ್ವಾ? ಹಳಿ ಮಣ್ಣಿನ ಏರಿಯ ಮೇಲೆ ಹೋಗುತ್ತದೆ. ಎರಡೂ ಬದಿ ಇಳಿಜಾರು, ಪಕ್ಕದಲ್ಲಿ ಚರಂಡಿ, ಅಲ್ಲಲ್ಲಿ ಒಂದು ಮೋರಿ. ನೋಡುವ ನೋಟದಲ್ಲಿ ಅರ್ಧ ಹಳಿಗಿಂತ ಕೆಳಗೇ ಇರುತ್ತದೆ.

ಫೋಮ್ ಬೋರ್ಡನ್ನು ನಾನು ಹಿಡಿದುಕೊಂಡಿರುವುದು ಇದಕ್ಕೆ. ಹಗುರ ಅನ್ನುವುದು ಎರಡನೆಯ ಮಾತು. ಚಾಕು ಹಿಡಿದು ಕೆಳಗೆ ಕೆತ್ತಬಹುದು, ಕೆತ್ತಿದ್ದು ಜಾಸ್ತಿಯಾದರೆ ಮತ್ತೆ ತುಂಬಬಹುದು. ಆದರೆ ಮರಗೆಲಸದಲ್ಲಿ ರೂಢಿಯಾದ ಎರಡು ಅಭ್ಯಾಸ ಬಿಡಬೇಕಾಗುತ್ತದೆ. ಒಂದು, ಮೊಳೆ ಹೊಡೆಯುವುದು. ಇನ್ನೊಂದು, ಕೈಗೆ ಸಿಕ್ಕ ಅಂಟು ಹಚ್ಚುವುದು. ಫೋಮ್ ಮೊಳೆಯನ್ನು ಹಿಡಿಯುವುದಿಲ್ಲ. ಅಂಟಿನ ವಿಷಯದಲ್ಲಂತೂ ಅದು ಭಾರಿ ನಾಜೂಕು.

ಯಾವ ಫೋಮ್ ತರಬೇಕು

ಫೋಮ್ ಬೋರ್ಡ್ ಅಂತ ಕೇಳಿದರೆ ಮೂರು ಬೇರೆ ಬೇರೆ ವಸ್ತು ಕೈಗೆ ಬರಬಹುದು.

ಮೊದಲನೆಯದು ನಾವೆಲ್ಲ ಥರ್ಮಾಕೋಲ್ ಅನ್ನುವ ಬಿಳಿ ಹಾಳೆ. ತಾಂತ್ರಿಕವಾಗಿ ಇಪಿಎಸ್. ಪಾಲಿಸ್ಟೈರೀನ್ ಕಾಳುಗಳನ್ನು ಬಿಸಿಯಲ್ಲಿ ಉಬ್ಬಿಸಿ ಒಂದಕ್ಕೊಂದು ಅಂಟಿಸಿರುತ್ತಾರೆ. ಮುರಿದರೆ ಕಾಳು ಕಾಳಾಗಿ ಉದುರುತ್ತದೆ, ಮನೆಯೆಲ್ಲ ಹಾರುತ್ತದೆ, ಕೈಗೆ ಅಂಟಿದ್ದು ಬಿಡುವುದಿಲ್ಲ. ಬೆಟ್ಟದ ಒಳಗೆ ತುಂಬಲು ಆಗುತ್ತದೆ. ಹಳಿಯ ಕೆಳಗೆ ಬೇಡ.

ಎರಡನೆಯದು ಫೋಮ್ ಕೋರ್. ಎರಡೂ ಬದಿ ಕಾಗದ ಅಂಟಿಸಿದ, ಸಾಮಾನ್ಯವಾಗಿ 5 ಮಿಮೀ ದಪ್ಪದ ಹಾಳೆ. ಚಾರ್ಟು, ಪೋಸ್ಟರು ಅಂಟಿಸಲು ಬಳಸುತ್ತಾರಲ್ಲ, ಅದೇ. ಪ್ಲಾಟ್‌ಫಾರ್ಮ್, ಗೋಡೌನ್, ಸ್ಟೇಷನ್ ಕಟ್ಟಡ ಮಾಡಲು ಇದಕ್ಕಿಂತ ಒಳ್ಳೆಯ ಸಾಮಾನಿಲ್ಲ. ತಳಕ್ಕೆ ಮಾತ್ರ ಬರುವುದಿಲ್ಲ. ಒಂದು ಬದಿ ಒದ್ದೆ ಬಣ್ಣ ಬಳಿದರೂ ಸಾಕು, ಕಾಗದ ನೀರು ಕುಡಿದು ಹಾಳೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ.

ನಮಗೆ ಬೇಕಾದದ್ದು ಮೂರನೆಯದು, ಎಕ್ಸ್‌ಪಿಎಸ್. ಇದೂ ಪಾಲಿಸ್ಟೈರೀನೇ. ಆದರೆ ಕರಗಿಸಿ, ಅನಿಲ ಸೇರಿಸಿ, ಅಚ್ಚಿನ ಮೂಲಕ ಒತ್ತಿ ತೆಗೆದಿರುತ್ತಾರೆ. ಹಾಗಾಗಿ ಕಾಳು ಇರುವುದಿಲ್ಲ, ಒಳಗೆ ಸಣ್ಣ ಸಣ್ಣ ಮುಚ್ಚಿದ ಗುಳ್ಳೆಗಳಿರುತ್ತವೆ. ಕಟ್ಟಡಗಳಲ್ಲಿ ಶಾಖ ತಡೆಯಲು ಗೋಡೆಗೆ, ಚಾವಣಿಗೆ ಹಾಕುವ ಗುಲಾಬಿ, ನೀಲಿ ಅಥವಾ ಹಸಿರು ಹಾಳೆ ಇದು. ಬಣ್ಣ ತಯಾರಕರ ಗುರುತು, ಅಷ್ಟೆ. ಗಟ್ಟಿತನಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ. ಗುರುತಿಸುವುದು ಸುಲಭ: ಒಂದು ಮೂಲೆ ಮುರಿದು ನೋಡಿ. ಒಳಗೆ ಕಾಳು ಕಂಡರೆ ಥರ್ಮಾಕೋಲ್, ನಯವಾಗಿ ಒಂದೇ ಸಮ ಇದ್ದರೆ ಎಕ್ಸ್‌ಪಿಎಸ್.

ತೂಕದ ಲೆಕ್ಕ ಒಮ್ಮೆ ಹಾಕೋಣ. 1.2 ಮೀಟರ್ ಅಗಲ, 2.4 ಮೀಟರ್ ಉದ್ದ, 50 ಮಿಮೀ ದಪ್ಪದ ಎಕ್ಸ್‌ಪಿಎಸ್ ಹಾಳೆ ಹೆಚ್ಚೂಕಡಿಮೆ 5 ಕೆಜಿ ತೂಗುತ್ತದೆ. ಅದೇ ಅಳತೆಯ 18 ಮಿಮೀ ಪ್ಲೈವುಡ್ 30 ಕೆಜಿ ಆಸುಪಾಸು. ಲೇಔಟನ್ನು ಗೋಡೆಗೆ ಒರಗಿಸಿ ಇಡುವವರಿಗೆ, ಮನೆ ಬದಲಿಸುವವರಿಗೆ ಈ ಅಂತರ ಏನು ಅಂತ ಬೆನ್ನೇ ಹೇಳುತ್ತದೆ.

ದಪ್ಪ ಎಷ್ಟಿರಬೇಕು? ನನ್ನ ಮಟ್ಟಿಗೆ 50 ಮಿಮೀ. 25 ಮಿಮೀ ಹಾಳೆಯೂ ರೈಲಿನ ಭಾರ ತಾಳುತ್ತದೆ, ಆದರೆ ಅದರಲ್ಲಿ ಕೆತ್ತಲು ಏನುಳಿಯುತ್ತದೆ? ದಪ್ಪ ಹಾಳೆ ಸಿಗದಿದ್ದರೆ 25 ಮಿಮೀಯ ಎರಡನ್ನು ಒಂದರ ಮೇಲೊಂದು ಅಂಟಿಸಿ.

ಕತ್ತರಿಸುವ ಮೊದಲು

ಫೋಮ್ ಕೈಗೆ ಬಂದ ಕೂಡಲೇ ಚಾಕು ತೆಗೆಯಬೇಡಿ. ತಿರುವಿನ ಅಳತೆ ಮೊದಲು. ಎಚ್‌ಒ ಅಳತೆ ನಿಜದ 87ನೇ ಒಂದು ಭಾಗ, ಹಳಿಗಳ ನಡುವೆ 16.5 ಮಿಮೀ. ಇದರಲ್ಲಿ ತೀರಾ ಬಿಗಿಯಾದ ಸಾಮಾನ್ಯ ತಿರುವಿಗೆ 18 ಇಂಚು, ಅಂದರೆ 457 ಮಿಮೀ ತ್ರಿಜ್ಯ ಬೇಕು. ಪೂರ್ತಿ ಸುತ್ತು ಬರಬೇಕಾದರೆ ಅದೇ 914 ಮಿಮೀ ಆಯಿತು. ಎರಡೂ ಬದಿ ಅಂಚು ಬಿಟ್ಟರೆ ಬೋರ್ಡ್ ಒಂದು ಮೀಟರಿಗಿಂತ ಅಗಲವೇ ಇರಬೇಕು. ಎನ್ ಅಳತೆ ನಿಜದ 160ನೇ ಒಂದು ಭಾಗ, ಹಳಿಯ ನಡುವೆ 9 ಮಿಮೀ. ಅದರಲ್ಲಿ 60-70 ಸೆಂಮೀ ಅಗಲದಲ್ಲೇ ಸುತ್ತು ಮುಗಿಯುತ್ತದೆ. ಹಳಿಯ ನಕ್ಷೆಯನ್ನು ಪೂರ್ತಿ ಅಳತೆಯಲ್ಲಿ ಹಳೇ ಪೇಪರಿನ ಮೇಲೆ ಬರೆದು ಹಾಳೆಯ ಮೇಲೆ ಹರಡಿ ನೋಡಿ. ಒಂದು ಸಂಜೆ ಹಿಡಿಯುತ್ತದೆ, ಒಂದು ಹಾಳೆ ಉಳಿಯುತ್ತದೆ.

ಗುರುತು ಹಾಕಲು ಪೆನ್ಸಿಲ್ ಅಥವಾ ಬಾಲ್ ಪೆನ್ ಸಾಕು. ಮಾರ್ಕರ್ ಪೆನ್ನಿನ ಶಾಯಿ ತಿಳಿ ಬಣ್ಣ ಬಳಿದ ಮೇಲೂ ಮೇಲಕ್ಕೆದ್ದು ಬರುತ್ತದೆ. ನನ್ನ ಒಂದು ಗೋಧಿ ಹೊಲದ ನಟ್ಟನಡುವೆ ಎಷ್ಟು ಕೋಟು ಹೊಡೆದರೂ ಮಸುಕಾಗಿ ಕೆನ್ನೀಲಿ ಗೆರೆ ಕಾಣುತ್ತಿತ್ತು. ಕೊನೆಗೆ ಅಲ್ಲೊಂದು ಬೇಲಿ ನೆಟ್ಟು ಕೈ ತೊಳೆದುಕೊಂಡೆ.

ಚೌಕಟ್ಟು

ಫೋಮ್ ತನ್ನ ಪಾಡಿಗೆ ಗಟ್ಟಿಯೇ. ಆದರೆ ಅಂಚು ಹಿಡಿದು ಎತ್ತಿದರೆ ಬಾಗುತ್ತದೆ, ಮೊಣಕೈ ಊರಿದರೆ ಗುಳಿ ಬೀಳುತ್ತದೆ. ಕೆಳಗೊಂದು ಮರದ ಚೌಕಟ್ಟು ಬೇಕು. 18-20 ಮಿಮೀ ದಪ್ಪ, 60-90 ಮಿಮೀ ಅಗಲದ ಪಟ್ಟಿಗಳನ್ನು ಅಂಚಿಗೆ ನಿಲ್ಲಿಸಿ ಏಣಿಯ ಹಾಗೆ ಜೋಡಿಸಿ. 50 ಮಿಮೀ ಫೋಮ್ ಆದರೆ ಅಡ್ಡಪಟ್ಟಿಗಳ ನಡುವೆ 60 ಸೆಂಮೀ ಅಂತರ ಬಿಡಬಹುದು, 25 ಮಿಮೀ ಆದರೆ 40 ಸೆಂಮೀ ದಾಟಬೇಡಿ. ಪಾಯಿಂಟ್, ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕವಲು, ಬರುವ ಜಾಗದ ನೇರ ಕೆಳಗೆ ಅಡ್ಡಪಟ್ಟಿ ಬಾರದ ಹಾಗೆ ನೋಡಿಕೊಳ್ಳಿ. ಅದನ್ನು ತಿರುಗಿಸುವ ಮೋಟಾರ್ ಕೂರಿಸುವ ದಿನ ಈ ಮಾತು ನೆನಪಾಗುತ್ತದೆ.

ಚೌಕಟ್ಟಿನ ಮೇಲೆ ರಸಮಟ್ಟ ಇಟ್ಟು ನೋಡಿ. ಸೊಟ್ಟ ಚೌಕಟ್ಟಿಗೆ ಫೋಮ್ ಅಂಟಿಸಿದರೆ ಅದೂ ಸೊಟ್ಟಗೇ ಕೂರುತ್ತದೆ, ತಾನಾಗಿ ಮಟ್ಟಕ್ಕೆ ಬರುವುದಿಲ್ಲ.

ಅಂಟು: ಇಲ್ಲಿ ನಿಧಾನ

ನನ್ನ ಮೊದಲ ಬೋರ್ಡಿನಲ್ಲಿ ಚಪ್ಪಲಿ ಅಂಟಿಸುವಂಥ ಹಳದಿ ರಬ್ಬರ್ ಅಂಟು ಬಳಸಿದ್ದೆ. ಗಟ್ಟಿ ಹಿಡಿಯುತ್ತದೆ ಅನ್ನುವ ನಂಬಿಕೆ. ಹಚ್ಚಿ, ಒತ್ತಿ, ಮಲಗಲು ಹೋದೆ. ಬೆಳಿಗ್ಗೆ ನೋಡಿದರೆ ಹಾಳೆ ಒಂದು ಕಡೆ ಕುಸಿದಿತ್ತು. ಎತ್ತಿ ನೋಡಿದೆ. ಅಂಟು ಹಚ್ಚಿದ ಗೆರೆಯುದ್ದಕ್ಕೂ ಇಲಿ ಕೊರೆದ ಹಾಗೆ ಕಾಲುವೆ. ತಳದಲ್ಲಿ ಗುಲಾಬಿ ಬಣ್ಣದ ಗಟ್ಟಿ ಪಾಕ. ಅಂಟು ಫೋಮನ್ನು ಕೂಡಿಸುವ ಬದಲು ತಿಂದುಹಾಕಿತ್ತು.

ಕಾರಣ ಸರಳ. ಪಾಲಿಸ್ಟೈರೀನ್ ಅಸಿಟೋನ್, ಟಾಲ್ಯೂಯೀನ್ ಥರದ ದ್ರಾವಕಗಳಲ್ಲಿ ಕರಗುತ್ತದೆ. ರಬ್ಬರ್ ಅಂಟು, ಸ್ಪ್ರೇ ಡಬ್ಬಿಯ ಬಣ್ಣ, ಥಿನ್ನರ್, ಪ್ಲಾಸ್ಟಿಕ್ ಕಿಟ್ ಜೋಡಿಸುವ ಸಿಮೆಂಟ್, ಪಾಲಿಯೆಸ್ಟರ್ ರೆಸಿನ್, ಇವೆಲ್ಲ ಫೋಮಿಗೆ ವಿಷ. ಸೂಪರ್ ಗ್ಲೂ ಕೂಡ ಫೋಮನ್ನು ಕೊರೆಯುತ್ತದೆ. ಫೋಮಿಗೆಂದೇ ಮಾಡಿದ ಸೂಪರ್ ಗ್ಲೂ ಬೇರೆ ಇರುತ್ತದೆ.

ಹಾಗಾದರೆ ಬಳಸುವುದೇನು? ಮರಗೆಲಸದ ಬಿಳಿ ಅಂಟು ಫೋಮಿಗೆ ಏನೂ ಮಾಡುವುದಿಲ್ಲ. ಫೋಮಿಗೆ ಕಾಗದ, ಬಟ್ಟೆ, ಮರದ ಪಟ್ಟಿ ಅಂಟಿಸಲು ಚೆನ್ನಾಗಿದೆ. ಫೋಮಿಗೆ ಫೋಮ್ ಅಂಟಿಸಲು ಮಾತ್ರ ಅದು ಕೈಕೊಡುತ್ತದೆ. ಇದನ್ನೂ ನಾನು ಕಲಿತದ್ದು ಹಾಳುಮಾಡಿಯೇ. ಎರಡು ಹಾಳೆಗಳ ನಡುವೆ ಧಾರಾಳವಾಗಿ ಹಚ್ಚಿ, ಮೇಲೆ ಪುಸ್ತಕದ ರಾಶಿ ಹೇರಿ ಎರಡು ವಾರ ಬಿಟ್ಟಿದ್ದೆ. ಆಮೇಲೆ ಹಳ್ಳ ಕೆತ್ತಲು ಹೋದರೆ ಚಾಕುವಿನ ತುದಿಯಲ್ಲಿ ಹಾಲಿನಂತೆ ಅಂಟು ಹೊರಬಂತು! ಬಿಳಿ ಅಂಟು ಒಣಗಬೇಕಾದರೆ ಅದರ ನೀರು ಎಲ್ಲಿಗಾದರೂ ಹೋಗಬೇಕು. ಫೋಮಿನ ಗುಳ್ಳೆಗಳೆಲ್ಲ ಮುಚ್ಚಿಕೊಂಡಿವೆ, ನೀರು ಕುಡಿಯುವುದಿಲ್ಲ. ಅಂಚಿನಲ್ಲಿ ಅಂಟು ಒಣಗಿ ಗೋಡೆ ಕಟ್ಟಿಕೊಳ್ಳುತ್ತದೆ, ಒಳಗಿನದು ಹಸಿಯಾಗೇ ಉಳಿಯುತ್ತದೆ.

ಹಾಳೆಗೆ ಹಾಳೆ ಅಂಟಿಸಲು ಫೋಮ್ ಬೋರ್ಡಿಗೆ ಆಗುತ್ತದೆ ಅಂತ ಟ್ಯೂಬಿನ ಮೇಲೇ ಬರೆದಿರುವ ನಿರ್ಮಾಣದ ಅಂಟು ತನ್ನಿ. ಅಥವಾ ಕಿಟಕಿ, ಬಾಗಿಲಿನ ಸಂದಿ ತುಂಬುವ ನೀರಿನ ಆಧಾರದ ಅಕ್ರಿಲಿಕ್ ಸೀಲೆಂಟ್. ನನ್ನ ಮೆಚ್ಚಿನದು ಈ ಸೀಲೆಂಟೇ. ಗನ್‌ನಲ್ಲಿ ಹಾಕಿ ಒತ್ತಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಬಹುದು, ಒಣಗಿದ ಮೇಲೂ ಸ್ವಲ್ಪ ಮೆತ್ತಗಿರುತ್ತದೆ. ಸಿಲಿಕೋನ್ ಸೀಲೆಂಟ್ ಬೇಡ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ.

ಅಂಟಿಸುವ ಕ್ರಮ ಹೀಗೆ:

1. ಹಾಳೆಯ ಮೇಲೆ ತೆಳುವಾದ ಪ್ಲಾಸ್ಟಿಕ್ ಪೊರೆ ಇದೆಯಾ ನೋಡಿ. ಕೆಲವು ಹಾಳೆಗಳಲ್ಲಿರುತ್ತದೆ. ಮೂಲೆಯಲ್ಲಿ ಉಗುರು ಹಾಕಿ ಎಬ್ಬಿಸಿ, ಪೂರ್ತಿ ಸುಲಿದು ತೆಗೆಯಿರಿ. ಇಲ್ಲದಿದ್ದರೆ ನೀವು ಅಂಟಿಸಿದ್ದು ಪೊರೆಗೆ, ಫೋಮಿಗಲ್ಲ.
2. ಎರಡೂ ಮುಖವನ್ನು ಉಪ್ಪು ಕಾಗದದಿಂದ ಒರಟು ಮಾಡಿ, ದೂಳು ತೆಗೆಯಿರಿ.
3. ಅಂಟನ್ನು ಒಂದು ಗೇಣಿಗೊಂದರಂತೆ ಗೆರೆ ಎಳೆದು, ಹಲ್ಲಿನ ಕರಣೆಯಲ್ಲಿ ತೆಳುವಾಗಿ ಹರಡಿ. ಮುಂದೆ ಕೆತ್ತುವ ಜಾಗದಲ್ಲಿ ಅಂಟು ಕಡಿಮೆ ಇರಲಿ. ಒಣಗಿದ ಅಂಟಿನ ಪದರ ಚಾಕುವನ್ನು ತಡೆದು ನಿಲ್ಲಿಸುತ್ತದೆ.
4. ಹಾಳೆ ಇಟ್ಟು, ಆಚೀಚೆ ಸ್ವಲ್ಪ ಉಜ್ಜಿ, ಮೇಲೆ ಸಮನಾಗಿ ಭಾರ ಹೇರಿ. ಎರಡು ದಿನ ಮುಟ್ಟಬೇಡಿ.

ಯಾವುದೇ ಹೊಸ ಅಂಟು, ಬಣ್ಣ ತಂದರೂ ಮೊದಲು ಒಂದು ಚೂರು ಫೋಮಿನ ಮೇಲೆ ಹನಿ ಹಾಕಿ ಮರುದಿನ ನೋಡಿ. ಡಬ್ಬಿಯ ಮೇಲೆ ಏನೇ ಬರೆದಿರಲಿ.

ಕತ್ತರಿಸುವುದು, ಕೆತ್ತುವುದು

ನೇರವಾಗಿ ಕತ್ತರಿಸಲು ಉದ್ದ ಬ್ಲೇಡಿನ ಕಟ್ಟರ್ ಸಾಕು. ಲೋಹದ ಪಟ್ಟಿ ಇಟ್ಟು ಅರ್ಧ ದಪ್ಪದಷ್ಟು ಗೆರೆ ಕೊಯ್ಯಿರಿ, ಮೇಜಿನ ಅಂಚಿಗೆ ಇಟ್ಟು ಒತ್ತಿದರೆ ಗೆರೆಯಲ್ಲಿ ಪಟ್ಟನೆ ಮುರಿಯುತ್ತದೆ. ಬ್ಲೇಡ್ ಹೊಸದಾಗಿರಬೇಕು. ಮೊಂಡಾದ ಬ್ಲೇಡ್ ಕೊಯ್ಯುವುದಿಲ್ಲ, ಕಿತ್ತುಕೊಂಡು ಬರುತ್ತದೆ. ಕೀಚ್ ಅಂತ ಸದ್ದು ಶುರುವಾದರೆ ತುದಿ ಮುರಿದು ಹೊಸದು ತೆಗೆಯುವ ಹೊತ್ತು ಬಂತು ಅಂತ ಲೆಕ್ಕ. ಬಾಗಿದ ಗೆರೆಗಳಿಗೆ ಸಣ್ಣ ಹಲ್ಲಿನ ಗರಗಸ, ಒರಟು ಕೆತ್ತನೆಗೆ ತುರಿಯುವ ಅರ.

ಬಿಸಿ ತಂತಿಯ ಕಟ್ಟರ್ ಕೂಡ ಇದೆ. ದೂಳೇ ಇಲ್ಲದೆ ಬೆಣ್ಣೆ ಕೊಯ್ದ ಹಾಗೆ ಹೋಗುತ್ತದೆ. ಆದರೆ ಅದರ ಹೊಗೆ ಒಳ್ಳೆಯದಲ್ಲ. ಕಿಟಕಿ ತೆರೆದು, ಫ್ಯಾನ್ ಹೊಗೆಯನ್ನು ಹೊರಗೆ ತಳ್ಳುವ ಹಾಗೆ ಇಟ್ಟು, ಅಗತ್ಯವಿದ್ದಷ್ಟೇ ಬಳಸಿ. ಹೊಗೆ ಕಣ್ಣಿಗೆ ಕಾಣುತ್ತಿದ್ದರೆ ತಂತಿ ಬೇಕಾದ್ದಕ್ಕಿಂತ ಜಾಸ್ತಿ ಬಿಸಿಯಾಗಿದೆ, ಕಡಿಮೆ ಮಾಡಿ. ಉಪ್ಪು ಕಾಗದ ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ. ಆ ದೂಳು ಸ್ಥಿರ ವಿದ್ಯುತ್ತಿನಿಂದ ಗೋಡೆ, ಬಟ್ಟೆ, ತಲೆಕೂದಲು ಎಲ್ಲಕ್ಕೂ ಅಂಟುತ್ತದೆ. ಪೊರಕೆಯಲ್ಲಿ ಗುಡಿಸಿದರೆ ಹಾರಾಡುತ್ತದೆ, ವ್ಯಾಕ್ಯೂಮ್ ಕ್ಲೀನರ್ ಪಕ್ಕದಲ್ಲೇ ಇರಲಿ.

ಒಂದು ಮೋರಿ ಕೆತ್ತಿ ನೋಡೋಣ. ಹಳಿ ಬರುವ ಗೆರೆಯ ಎರಡೂ ಬದಿ 40 ಮಿಮೀ ಬಿಟ್ಟು ಗುರುತು ಹಾಕಿ. ಅಷ್ಟು ಜಾಗ ಏರಿಯ ನೆತ್ತಿ. ಅದರ ಆಚೆಯಿಂದ ಚಾಕುವನ್ನು ಓರೆಯಾಗಿ ಹಿಡಿದು ಹೊರಕ್ಕೆ ಇಳಿಯುತ್ತಾ ಹೋಗಿ. 30 ಮಿಮೀ ಆಳಕ್ಕೆ ನಿಲ್ಲಿಸಿ. ಎಚ್‌ಒ ಅಳತೆಯಲ್ಲಿ ಅದು ನಿಜದ ಎರಡೂವರೆ ಮೀಟರ್ ದಾಟುತ್ತದೆ, ಎನ್ ಅಳತೆಯಲ್ಲಿ ಐದು ಮೀಟರಿಗೆ ಹತ್ತಿರ. ಒಂದೇ ಸಲ ದಪ್ಪ ತುಂಡು ತೆಗೆಯುವ ಆಸೆ ಬೇಡ, ಸೌತೆಕಾಯಿ ಸಿಪ್ಪೆ ತೆಗೆದ ಹಾಗೆ ಪದರ ಪದರವಾಗಿ ತೆಗೆಯಿರಿ. ಈಗ ತಗ್ಗಿನ ತಳದ ಮಟ್ಟದಲ್ಲಿ ಏರಿಯ ಅಡ್ಡಕ್ಕೆ ಒಂದು ತೂತು ಕೊರೆಯಬೇಕು. ಲೋಹದ ಕೊಳವೆಯ ತುಂಡೊಂದರ ಅಂಚನ್ನು ಅರದಿಂದ ಚೂಪು ಮಾಡಿ, ತಿರುಗಿಸುತ್ತಾ ಒಳಗೆ ನೂಕಿ. ಸೇಬಿನ ತಿರುಳು ತೆಗೆದ ಹಾಗೆ ಫೋಮಿನ ಉರುಳೆ ಹೊರಬರುತ್ತದೆ. ಮೋರಿಯ ಬಾಯಿಗೆ ಫೋಮ್ ಕೋರ್‌ನ ಸಣ್ಣ ತುಂಡಿನ ಕಾಗದ ಸುಲಿದು, ಪೆನ್ಸಿಲ್ ತುದಿಯಲ್ಲಿ ಕಲ್ಲಿನ ಸಾಲು ಒತ್ತಿ ಅಂಟಿಸಿ. ಒಂದು ತಾಸಿನ ಕೆಲಸ. ರೈಲು ಅದರ ಮೇಲೆ ಹೋಗುವಾಗ ನೋಡುವವರು ಬಗ್ಗಿ ಮೋರಿಯೊಳಗೆ ಇಣುಕುತ್ತಾರೆ, ಬೇಕಾದರೆ ನೋಡಿ.

ಏರು ಮತ್ತು ಇಳಿತ

ಒಂದು ಹಳಿಯ ಮೇಲೆ ಇನ್ನೊಂದನ್ನು ದಾಟಿಸಬೇಕಾದರೆ ಎಚ್‌ಒದಲ್ಲಿ ಸೇತುವೆಯ ದಪ್ಪವೂ ಸೇರಿ ಸುಮಾರು 90 ಮಿಮೀ ಎತ್ತರ ಬೇಕು. ನೂರಕ್ಕೆ ಎರಡರ ಏರಿನಲ್ಲಿ ಅದಕ್ಕೆ ನಾಲ್ಕೂವರೆ ಮೀಟರ್ ಉದ್ದ ಹೋಗುತ್ತದೆ. ಅಷ್ಟು ಜಾಗ ಎಷ್ಟು ಜನರಿಗಿರುತ್ತದೆ? ಕಡಿದಾಗಿ ಏರಿಸಿದರೆ ಎಂಜಿನ್ ನಾಲ್ಕು ಬೋಗಿ ಎಳೆದು ನಿಂತಲ್ಲೇ ಚಕ್ರ ತಿರುಗಿಸುತ್ತದೆ.

ಫೋಮಿನಲ್ಲಿ ಉಪಾಯವಿದೆ. ಮೇಲಿನ ಹಳಿಯನ್ನು 45 ಮಿಮೀ ಏರಿಸಿ, ಕೆಳಗಿನ ಹಳಿಯನ್ನು 45 ಮಿಮೀ ಇಳಿಸಿ. ಎರಡಕ್ಕೂ ಎರಡೂಕಾಲು ಮೀಟರ್ ಸಾಕು. ಪ್ಲೈವುಡ್ ತಳದಲ್ಲಿ ಇದನ್ನು ಮಾಡಬೇಕಾದರೆ ಹಲಗೆ ಸೀಳಬೇಕು. ಇಲ್ಲಿ ಕಾಲುವೆ ತೆಗೆದರಾಯಿತು. ಇದಕ್ಕೆ ಮಾತ್ರ 50 ಮಿಮೀ ಸಾಲದು, ಅದರ ಕೆಳಗೆ ಇನ್ನೊಂದು 25 ಮಿಮೀ ಪದರ ಇರಲಿ. ಏರಿಸುವ ಬದಿಗೆ ಫೋಮನ್ನೇ ಉದ್ದ ಬೆಣೆಯ ಹಾಗೆ ಕೊಯ್ದು ಹಾಕಬಹುದು. ಕೈಯಲ್ಲಿ ಅಷ್ಟು ನಾಜೂಕಾಗಿ ಬರುವುದಿಲ್ಲ ಅನ್ನಿಸಿದರೆ, ನೂರಕ್ಕೆ 2, 3, 4ರ ಏರಿನ ಸಿದ್ಧ ಫೋಮ್ ಪಟ್ಟಿಗಳು ಮಾದರಿ ರೈಲಿಗೆಂದೇ ಬರುತ್ತವೆ. ಏರು ಶುರುವಾಗುವಲ್ಲಿ, ಮುಗಿಯುವಲ್ಲಿ ಒಂದೇಟಿಗೆ ಮೂಲೆ ಬರಬಾರದು. ಒಂದು ಬೋಗಿಯಷ್ಟಾದರೂ ಉದ್ದ ನಿಧಾನವಾಗಿ ಬಾಗಿಸಿ, ಇಲ್ಲದಿದ್ದರೆ ಕೊಂಡಿ ಕಳಚಿಕೊಳ್ಳುತ್ತದೆ.

ತಂತಿ ಎಳೆಯುವುದು ಹಳಿಗಿಂತ ಮೊದಲು

ಎಕ್ಸ್‌ಪಿಎಸ್ 75 ಡಿಗ್ರಿ ಸೆಲ್ಸಿಯಸ್ ಆಸುಪಾಸು ದಾಟಿದರೆ ಮೆತ್ತಗಾಗಲು ಶುರು. ಬೆಸುಗೆ ಹಾಕುವ ಐರನ್ ತುದಿ 300 ಡಿಗ್ರಿ ದಾಟಿರುತ್ತದೆ. ಹಳಿ ಅಂಟಿಸಿದ ಮೇಲೆ ತಂತಿ ಬೆಸೆಯಲು ಕೂತರೆ ಸ್ಲೀಪರ್ (ಹಳಿಯ ಅಡಿಯ ಪ್ಲಾಸ್ಟಿಕ್ ಅಡ್ಡತುಂಡು) ಕರಗುತ್ತದೆ, ಅದರ ಕೆಳಗೆ ಫೋಮೂ ಕುಳಿ ಬೀಳುತ್ತದೆ. ಅದಕ್ಕೇ ತಂತಿಗಳನ್ನು ಮೇಜಿನ ಮೇಲೆ ಕೂತು ಹಳಿಯ ತಳಕ್ಕೆ ಮೊದಲೇ ಬೆಸೆದುಬಿಡಿ. ಪ್ರತಿ ಒಂದು ಮೀಟರಿಗೊಂದು ಜೋಡಿ ಇದ್ದರೆ ರೈಲು ದೂರ ಹೋದಂತೆ ಸೋಲುವುದಿಲ್ಲ.

ಇನ್ನೊಂದು ವಿಷಯ, ಬಹಳ ಜನ ಗಮನಿಸುವುದಿಲ್ಲ. ಸಾಮಾನ್ಯ ತಂತಿಯ ಹೊದಿಕೆ ಪಿವಿಸಿ. ಅದನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ಪದಾರ್ಥ ಪಾಲಿಸ್ಟೈರೀನಿಗೆ ತಾಗಿಕೊಂಡಿದ್ದರೆ ಮೆಲ್ಲಗೆ ಅತ್ತ ಸೋರುತ್ತದೆ. ವರ್ಷಗಳು ಕಳೆದಂತೆ ಹೊದಿಕೆ ಬಿರುಸಾಗುತ್ತದೆ, ತಂತಿ ತಾಗಿದ ಕಡೆ ಫೋಮ್ ಅಂಟಂಟಾಗಿ ಕುಗ್ಗುತ್ತದೆ. ಆದ್ದರಿಂದ ಫೋಮಿನ ಮೂಲಕ ತಂತಿ ಇಳಿಸುವ ಕಡೆ ತೂತಿಗೆ ಜ್ಯೂಸ್ ಕುಡಿಯುವ ಸ್ಟ್ರಾ ಒಂದು ತುಂಡು ತೂರಿಸಿ, ಅದರೊಳಗಿಂದ ತಂತಿ ಎಳೆಯಿರಿ. ಕೆಳಗೆ ಓಡುವ ಮುಖ್ಯ ತಂತಿಗಳನ್ನು ಫೋಮಿಗೆ ಟೇಪ್ ಹಾಕಿ ಅಂಟಿಸಬೇಡಿ, ಮರದ ಅಡ್ಡಪಟ್ಟಿಗೆ ಕ್ಲಿಪ್ ಹೊಡೆಯಿರಿ. ಟ್ರಾನ್ಸ್‌ಫಾರ್ಮರ್ ಫೋಮಿನಿಂದ ದೂರವೇ ಇರಲಿ. ಈ ವಸ್ತು ಬೆಂಕಿ ಹಿಡಿದರೆ ಕಪ್ಪು ದಟ್ಟ ಹೊಗೆ ಕಾರುತ್ತದೆ.

ಹಳಿ ಕೂರಿಸುವುದು

ಮೊದಲು ಫೋಮಿನ ಮೇಲೆಲ್ಲ ಮಣ್ಣಿನ ಬಣ್ಣದ ಎಮಲ್ಷನ್ ಬಳಿಯಿರಿ. ಆಮೇಲೆ ಎಲ್ಲಾದರೂ ಹುಲ್ಲು ಉದುರಿದರೂ ಕೆಳಗೆ ಗುಲಾಬಿ ಇಣುಕುವುದಿಲ್ಲ. ಒಣಗಿದ ಮೇಲೆ ಹಳಿಯ ನಡುಗೆರೆ ಹಾಕಿ, ಅದರ ಎರಡೂ ಬದಿ ಕಾರ್ಕ್ ಪಟ್ಟಿ ಅಂಟಿಸಿ. ಎಚ್‌ಒಗೆ 5 ಮಿಮೀ, ಎನ್‌ಗೆ 3 ಮಿಮೀ ದಪ್ಪ ರೂಢಿಯಲ್ಲಿದೆ. ಒಣಗುವ ತನಕ ಗುಂಡುಸೂಜಿ ಚುಚ್ಚಿಡಿ. ಹಿಡಿದಿಡುವಷ್ಟರ ಮಟ್ಟಿಗೆ ಸೂಜಿಗೆ ಫೋಮ್ ಒಪ್ಪುತ್ತದೆ, ಕಾಯಂ ಅಲ್ಲ.

ಕಾರ್ಕ್ ಮೇಲೆ ಸೀಲೆಂಟನ್ನು ಹಳೇ ಎಟಿಎಂ ಕಾರ್ಡಿನಿಂದ ಹರಡಿ. ಎಷ್ಟು ತೆಳುವಾಗಿರಬೇಕು ಅಂದರೆ ಅದರ ಕೆಳಗೆ ಕಾರ್ಕಿನ ಕಲೆ ಕಾಣಬೇಕು. ಸ್ಲೀಪರ್‌ಗಳ ನಡುವೆ ಉಬ್ಬಿ ಮೇಲೆ ಬಂದರೆ ಜಾಸ್ತಿಯಾಯಿತು. ಹಳಿ ಇಟ್ಟು, ಕಣ್ಣನ್ನು ಹಳಿಯ ಮಟ್ಟಕ್ಕೆ ತಂದು ಉದ್ದಕ್ಕೆ ನೋಡಿ. ಸೊಟ್ಟ ಇದ್ದರೆ ಮೇಲಿಂದ ನೋಡಿದಾಗ ಗೊತ್ತಾಗುವುದಿಲ್ಲ, ಹೀಗೆ ನೋಡಿದರೆ ಥಟ್ಟನೆ ಕಾಣುತ್ತದೆ. ಸರಿಪಡಿಸಲು ಹತ್ತು ನಿಮಿಷ ಸಮಯವಿರುತ್ತದೆ. ಮೇಲೆ ಭಾರ ಇಟ್ಟು ರಾತ್ರಿ ಬಿಡಿ. ಹಳಿಯ ಕೂಡುಗಳಲ್ಲಿ ಅಲ್ಲಲ್ಲಿ ದಪ್ಪ ಕಾಗದದಷ್ಟು ಸಂದಿ ಬಿಡುವುದನ್ನು ಮರೆಯಬೇಡಿ. ಫೋಮ್ ನೀರಿಗೆ ಉಬ್ಬುವುದಿಲ್ಲ ನಿಜ, ಆದರೆ ಬಿಸಿಲಿಗೆ, ಚಳಿಗೆ ಅದೂ ಹಿಗ್ಗುತ್ತದೆ, ಕುಗ್ಗುತ್ತದೆ. ಕೆಳಗಿನ ಮರದ ಚೌಕಟ್ಟು ತೇವಕ್ಕೆ ತನ್ನದೇ ಆಟ ಆಡುತ್ತದೆ.

ಮುಂದೆ ಎಂದಾದರೂ ಹಳಿ ಬದಲಿಸಬೇಕೆಂದರೆ ತೆಳು ಪುಟ್ಟಿ ಕರಣೆಯನ್ನು ಕೆಳಗೆ ತೂರಿಸಿ ಸರಿಸುತ್ತಾ ಹೋಗಿ, ಹಳಿ ಹಾಳಾಗದೆ ಎದ್ದುಬರುತ್ತದೆ. ಸೀಲೆಂಟ್ ನನಗೆ ಮೆಚ್ಚಾಗಲು ಇದೂ ಒಂದು ಕಾರಣ.

ಪಾಯಿಂಟ್: ಫೋಮ್ ಹಟ ಮಾಡುವ ಜಾಗ

ಪಾಯಿಂಟ್ ಕೂರಿಸುವಾಗ ಚಲಿಸುವ ಭಾಗದ ಕೆಳಗೆ ಅಂಟು ಒಂದು ಹನಿಯೂ ಇರಬಾರದು. ಎರಡೂ ತುದಿಯ ಸ್ಲೀಪರ್‌ಗಳಿಗೆ ಮಾತ್ರ ಹಚ್ಚಿ. ಅಲ್ಲಿಯವರೆಗೆ ಸುಲಭ. ಅದನ್ನು ತಿರುಗಿಸುವುದು ಹೇಗೆ ಅನ್ನುವುದೇ ತಲೆನೋವು. ಕೆಳಗೆ ಕೂರಿಸುವ ಮೋಟಾರ್‌ಗಳು ತೆಳ್ಳನೆಯ ಹಲಗೆಯನ್ನು ಮನಸ್ಸಿನಲ್ಲಿಟ್ಟು ಮಾಡಿದವು. 50 ಮಿಮೀ ಫೋಮ್, ಮೇಲೆ ಕಾರ್ಕ್, ಇಷ್ಟು ದೂರ ಹೋಗುವಷ್ಟರಲ್ಲಿ ಅದರ ತೆಳು ತಂತಿ ಬಾಗಿಬಿಡುತ್ತದೆ, ಪಾಯಿಂಟ್ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಮೋಟಾರಿನ ಸ್ಕ್ರೂ ಫೋಮಿನಲ್ಲಿ ನಿಲ್ಲುವುದೂ ಇಲ್ಲ.

ನಾನು ಮಾಡುವುದು ಹೀಗೆ. ಬೋರ್ಡಿನ ತಳದಿಂದ ಮೋಟಾರ್ ಹಿಡಿಸುವಷ್ಟು ಅಗಲದ ಗೂಡು ಕೆತ್ತುತ್ತೇನೆ, ಮೇಲೆ 20 ಮಿಮೀ ಫೋಮ್ ಮಾತ್ರ ಉಳಿಸಿ. ಗೂಡಿನ ಮೇಲ್ಭಾಗಕ್ಕೆ 4 ಮಿಮೀ ಪ್ಲೈವುಡ್ ತುಂಡು ಅಂಟಿಸಿ, ಒಣಗಿದ ಮೇಲೆ ಮೋಟಾರನ್ನು ಆ ಪ್ಲೈವುಡ್‌ಗೆ ಸ್ಕ್ರೂ ಮಾಡುತ್ತೇನೆ. ಜೊತೆಗೆ ಬಂದ ತಂತಿಯ ಬದಲು 1 ಮಿಮೀಗೆ ಹತ್ತಿರದ ಗಟ್ಟಿ ಸ್ಟೀಲ್ ತಂತಿ ಹಾಕುತ್ತೇನೆ. ತಂತಿ ಆಡುವ ತೂತು 10 ಮಿಮೀ ಆದರೂ ಇರಲಿ.

ಮೋಟಾರೇ ಬೇಡ ಅನ್ನುವವರಿಗೆ ಫೋಮಿನಷ್ಟು ಅನುಕೂಲ ಬೇರಿಲ್ಲ. ಪಾಯಿಂಟಿನಿಂದ ಬೋರ್ಡಿನ ಅಂಚಿನ ತನಕ ಮೇಲ್ಮೈಯಲ್ಲೇ ಒಂದು ಸಣ್ಣ ಕಾಲುವೆ ಕೊಯ್ಯಿರಿ. ಅದರಲ್ಲಿ ತೆಳು ಕೊಳವೆ ಮಲಗಿಸಿ, ಒಳಗೆ ಸ್ಟೀಲ್ ತಂತಿ ತೂರಿಸಿ, ಅಂಚಿನಲ್ಲಿ ಗುಂಡಿ ಸಿಕ್ಕಿಸಿ. ಎಳೆದರೆ ಒಂದು ದಾರಿ, ನೂಕಿದರೆ ಇನ್ನೊಂದು. ಮೇಲೆ ಪುಟ್ಟಿ ಬಳಿದು ಹುಲ್ಲು ಹಾಕಿದರೆ ಕಾಣುವುದೇ ಇಲ್ಲ. ಕೆಟ್ಟುಹೋಗುವಂಥದ್ದೂ ಅದರಲ್ಲಿ ಏನಿಲ್ಲ. ನಿಜ ಹೇಳಬೇಕೆಂದರೆ ಕೈಯಳತೆಯಲ್ಲಿರುವ ಪಾಯಿಂಟ್‌ಗಳಿಗೆಲ್ಲ ನಾನೀಗ ಇದನ್ನೇ ಬಳಸುತ್ತೇನೆ.

ಸದ್ದು

ಫೋಮ್ ಸದ್ದನ್ನು ತಡೆಯುತ್ತದೆ ಅಂತ ನಂಬಿಕೊಂಡಿದ್ದರೆ ಮೊದಲ ರೈಲು ಓಡಿದಾಗ ಬೇಸರವಾಗುತ್ತದೆ. ಕೆಳಗೆ ಖಾಲಿ, ಮೇಲೆ ಬಿಗಿದ ಹಾಳೆ, ತಮಟೆಯೇ ಅಲ್ವಾ ಅದು? ಕಾರ್ಕ್ ಮತ್ತು ಮೆತ್ತನೆ ಸೀಲೆಂಟ್ ಸ್ವಲ್ಪ ಮಟ್ಟಿಗೆ ಸದ್ದು ನುಂಗುತ್ತವೆ. ಕೆಲಸ ಕೆಡುವುದು ಜಲ್ಲಿ ಹಾಕುವಾಗ. ಬಿಳಿ ಅಂಟಿಗೆ ನೀರು ಬೆರೆಸಿ ಜಲ್ಲಿಯ ಮೇಲೆ ಸುರಿದರೆ ಒಣಗಿ ಕಲ್ಲಾಗುತ್ತದೆ, ಹಳಿಯ ಸದ್ದನ್ನು ನೇರವಾಗಿ ಫೋಮಿಗೆ ಒಯ್ಯುತ್ತದೆ. ಅದರ ಬದಲು ಚಿತ್ರ ಬರೆಯುವವರು ಬಳಸುವ ಅಕ್ರಿಲಿಕ್ ಮ್ಯಾಟ್ ಮೀಡಿಯಂಗೆ ನೀರು ಬೆರೆಸಿ ಹಾಕಿ, ಒಣಗಿದರೂ ಬಗ್ಗುತ್ತದೆ. ಜಲ್ಲಿಯನ್ನು ಕಾರ್ಕಿನ ಬುಡ ದಾಟಿ ಫೋಮಿನ ಮೇಲೆ ಸುಮ್ನೆ ಹರಡದಿದ್ದರೆ ಇನ್ನೂ ಒಳ್ಳೆಯದು. ಜಲ್ಲಿ ಹಾಕುವ ಮೊದಲು ಒಂದು ವಾರ ರೈಲು ಓಡಿಸಿ ನೋಡಿ. ಎಲ್ಲಿ ಹಳಿ ತಪ್ಪುತ್ತದೆ, ಎಲ್ಲಿ ಕರೆಂಟ್ ಹೋಗುತ್ತದೆ ಅನ್ನುವುದೆಲ್ಲ ಆಗಲೇ ಗೊತ್ತಾಗಬೇಕು.

ನೆಲ, ನೀರು, ಅಂಚು

ಕೆತ್ತಿದ ಇಳಿಜಾರು ತೀರಾ ನುಣುಪಾಗಿ ಕಂಡರೆ ಹಗುರವಾದ ಗೋಡೆ ಪುಟ್ಟಿಗೆ ಮಣ್ಣಿನ ಬಣ್ಣ ಬೆರೆಸಿ ಒರಟಾಗಿ ಬಳಿಯಿರಿ. ಒದ್ದೆ ಇರುವಾಗಲೇ ಜರಡಿ ಹಿಡಿದ ಮರಳು ಉದುರಿಸಿ. ಬಂಡೆ ಬೇಕಾದಲ್ಲಿ ಫೋಮನ್ನು ಕೊಯ್ಯದೆ ಕೈಯಲ್ಲಿ ಮುರಿಯಿರಿ, ಮುರಿದ ಮುಖಕ್ಕೆ ಬೂದು ಬಣ್ಣ ಬಳಿದರೆ ಕಲ್ಲಿನ ಕಳೆ ತಾನಾಗಿ ಬರುತ್ತದೆ. ಗಿಡ ನೆಡುವುದು ಇಲ್ಲಿ ಆಟದಷ್ಟು ಸುಲಭ: ದಬ್ಬಳದಿಂದ ಚುಚ್ಚಿ, ಬುಡಕ್ಕೆ ಹನಿ ಬಿಳಿ ಅಂಟು ಹಾಕಿ ನಿಲ್ಲಿಸಿ.

ಹಳ್ಳದಲ್ಲಿ ನೀರು ಮಾಡಲು ಎಪಾಕ್ಸಿ ರೆಸಿನ್ ಬಳಸಬಹುದು. ಮೊದಲು ಎಲ್ಲ ಸಂದಿಗೂ ಸೀಲೆಂಟ್ ತುಂಬಿ, ಎರಡು ಕೋಟು ಬಣ್ಣ ಹೊಡೆದಿರಬೇಕು. ರೆಸಿನ್ ಸೂಜಿಮೊನೆಯಷ್ಟು ತೂತು ಸಿಕ್ಕರೂ ಇಳಿದು ಕೆಳಗಿನ ನೆಲಕ್ಕೆ ಹೋಗುತ್ತದೆ. ಒಂದೇ ಸಲ ದಪ್ಪಗೆ ಸುರಿಯಬೇಡಿ, ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಎರಡು ಮೂರು ಮಿಮೀಯ ಪದರಗಳಲ್ಲಿ, ಒಂದು ಗಟ್ಟಿಯಾದ ಮೇಲೆ ಇನ್ನೊಂದು.

ಕೊನೆಗೆ ಸುತ್ತಲೂ ಅಂಚು ಪಟ್ಟಿ. 3-4 ಮಿಮೀ ಹಾರ್ಡ್‌ಬೋರ್ಡನ್ನು ಬೋರ್ಡಿನ ಬದಿಗೆ ಒತ್ತಿ ಹಿಡಿದು, ನೆಲದ ಏರಿಳಿತವನ್ನು ಪೆನ್ಸಿಲಿನಲ್ಲಿ ಅದರ ಮೇಲೆ ಎಳೆದುಕೊಳ್ಳಿ, ಆ ಗೆರೆಯಲ್ಲಿ ಕೊಯ್ದು ಚೌಕಟ್ಟಿನ ಮರಕ್ಕೆ ಸ್ಕ್ರೂ ಮಾಡಿ. ಇದಿಲ್ಲದಿದ್ದರೆ ಫೋಮಿನ ಬರಿ ಅಂಚು ಮೊದಲ ತಿಂಗಳಲ್ಲೇ ಮೊಣಕೈ ಏಟಿಗೆ ಹಲ್ಲುಹಲ್ಲಾಗುತ್ತದೆ. ಬೋರ್ಡಿಗೆ ನೇರ ಬಿಸಿಲು ಬೀಳದ ಹಾಗೆಯೂ ನೋಡಿಕೊಳ್ಳಿ. ಬಣ್ಣ ಮುಚ್ಚದ ಫೋಮ್ ಬಿಸಿಲಿಗೆ ಹಳದಿಯಾಗಿ ಪುಡಿ ಬಿಡುತ್ತದೆ.

ಕೊಯ್ದು ಉಳಿದ ತುಂಡುಗಳನ್ನು ಒಂದು ಚೀಲಕ್ಕೆ ತುಂಬಿ ಬೋರ್ಡಿನ ಕೆಳಗೇ ಇಟ್ಟುಕೊಳ್ಳಿ. ಮೊದಲ ಹಳ್ಳವನ್ನು ಎಲ್ಲರೂ ತಪ್ಪು ಜಾಗದಲ್ಲೇ ತೋಡುತ್ತಾರೆ, ತುಂಬಲು ಬೇಕಾಗುತ್ತದೆ.